ವಸಂತದ ಮೇಲೊಂದು ದೂರು

ವಸಂತ ಋತುವಿನ ಮೇಲೆ ನನ್ನದೊಂದು ದೂರಿದೆ. ಅದನ್ನು ವಿಚಾರಿಸತಕ್ಕ ನ್ಯಾಯಸ್ಥಾನ ಯಾವುದೆಂದು ತಿಳಿಯದೆ ಇಷ್ಟು ಕಾಲ ಸುಮ್ಮನಿದ್ದೆ. ಕವಿಗಳಲ್ಲಿ ಹೇಳಿಕೊಳ್ಳೋಣವೆಂದರೆ ಅವರೆಲ್ಲ ಪ್ರತಿಪಕ್ಷದ ವಕೀಲರು. ಮನೆಯವರಲ್ಲಿ ಹೇಳಿಕೊಳ್ಳೋಣವೆಂದರೆ ಚೈತ್ರಮಾಸದಲ್ಲಿ ನನ್ನ ಮಾತಿಗೆ ಕಿವಿಗೊಡುವಷ್ಟು ಬಿಡುವು ನಮ್ಮ ಮನೆಯಲ್ಲಿ ಯಾರಿಗೂ ಇರುವುದಿಲ್ಲ. ದೂರಿನ ಸಾರಾಂಶ ಇಷ್ಟೇ: ಸಿದ್ದಾಪುರದ ಸೀಮೆಯಲ್ಲಿ, ಅಘನಾಶಿನಿಯ ಕಣಿವೆಗೆ ಮುಖಮಾಡಿ, ಅಡಕೆತೋಟದ ನೆತ್ತಿಯ ಮೇಲೆ ಕುಳಿತಿರುವ ನಮ್ಮ ಹೆಂಚಿನ ಮನೆಯಲ್ಲಿ, ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತ ಬಂದಂತೆ, ಊಟ ಮುಗಿಸಿ ಜಗಲಿಯಲ್ಲಿ ಕಂಬಳಿ ಹಾಸಿ ಮೈಚಾಚಿದ ಮನುಷ್ಯನ ರೆಪ್ಪೆಗಳು ಒಂದನ್ನೊಂದು ಕೂಡುವ ಮುಹೂರ್ತವನ್ನೇ ಹೊಂಚಿ, ಹಿತ್ತಿಲ ಹಾಲುವಾಣದ ಒಣಕೊಂಬೆಯಿಂದ ಕುಟ್ರುಹಕ್ಕಿಯೊಂದು ತನ್ನ ಪಾಠವನ್ನು ಆರಂಭಿಸುತ್ತದೆ.

ಈ ಹಕ್ಕಿಯನ್ನು ಮಲೆನಾಡಿನಲ್ಲಿ ಕಂಡವರು ಕಡಮೆ, ಕೇಳದವರಿಲ್ಲ. ಎಲೆಹಸುರಿನ ಮೈ, ಕಂದುಬಣ್ಣದ ತಲೆ, ಕೆನ್ನೆಯಲ್ಲಿ ಬಿಳಿಯ ಗುರುತು, ದಪ್ಪ ಕೊಕ್ಕಿನ ಬುಡದಲ್ಲಿ ಬಿರುಗೂದಲು. ಎಲೆಗಳ ನಡುವೆ ಕುಳಿತಿತೆಂದರೆ ಕಣ್ಣು ಅದನ್ನು ಬೇರ್ಪಡಿಸಲಾರದು. ಕೂಗಿನಲ್ಲಿ ಸ್ವಾರಸ್ಯವಿದ್ದಿದ್ದರೆ ಸಹಿಸಬಹುದಾಗಿತ್ತು. ಅಲ್ಲಿರುವುದು ಒಂದೇ ಶಬ್ದ, ಒಂದೇ ಸ್ಥಾಯಿ, ಕೊನೆಯಿಲ್ಲದ ಆವೃತ್ತಿ. ಇದು ಉಸಿರಿಗಾಗಿ ನಿಲ್ಲಿಸಿತೆನ್ನುವಷ್ಟರಲ್ಲಿ ಬೆಟ್ಟದ ಮಗ್ಗುಲಿನ ಅತ್ತಿಮರದಿಂದ ಇನ್ನೊಂದು ಅದೇ ಶಬ್ದವನ್ನು ಎತ್ತಿಕೊಳ್ಳುತ್ತದೆ. ಹೊಳೆಯಾಚೆಯಿಂದ ಮೂರನೆಯದು ಅದನ್ನು ಅನುಮೋದಿಸುತ್ತದೆ. ಸಭೆ ಸಂಜೆಯವರೆಗೆ ನಡೆಯುತ್ತದೆ, ನಿರ್ಣಯವಾಗುವುದಿಲ್ಲ. ಗಂಡುಹೆಣ್ಣುಗಳೆರಡೂ ಕೂಡಿ ಒಣಮರದಲ್ಲಿ ಪೊಟರೆ ಕೊರೆದು, ಸರದಿಯ ಮೇಲೆ ಕಾವು ಕೊಟ್ಟು, ಮರಿಗಳಿಗೆ ಹಣ್ಣನ್ನೂ ಹುಳುವನ್ನೂ ತಂದುಣಿಸುತ್ತವೆ. ಗೃಹಸ್ಥಾಶ್ರಮದಲ್ಲಿ ಇಷ್ಟು ನಿಷ್ಠೆಯುಳ್ಳ ಜೀವಿಯನ್ನು ಬೈಯುವುದು ಉಚಿತವಲ್ಲವೆಂದು ಬಲ್ಲೆನಾದರೂ, ನಿದ್ದೆಗೆಟ್ಟವನಿಗೆ ಧರ್ಮಶಾಸ್ತ್ರ ಹಿಡಿಸದು.

ಸನ್ಮಾನವೆಲ್ಲ ಕೋಗಿಲೆಗೆ. ಗೂಡು ಕಟ್ಟದ, ಕಾವು ಕೊಡದ, ಸಂತಾನಪಾಲನೆಯ ಭಾರವನ್ನೆಲ್ಲ ಕಾಗೆಯ ಹೆಗಲಿಗೇರಿಸಿ ತಾನು ಸಂಗೀತದಲ್ಲಿ ನಿರತವಾಗಿರುವ ಈ ಹಕ್ಕಿಗೆ ಕಾವ್ಯಗಳಲ್ಲಿ ಅಗ್ರಾಸನ. ನಮ್ಮೂರಿಗೆ ಬಹಳ ದೂರವೇನೂ ಅಲ್ಲದ ಬನವಾಸಿಯನ್ನು ನೆನೆನೆನೆದು, ಮುಂದಿನ ಜನ್ಮದಲ್ಲಿ ಅಲ್ಲಿಯ ತೋಪಿನ ದುಂಬಿಯೋ ಕೋಗಿಲೆಯೋ ಆದರೂ ಆದೀತೆಂದು 941ರಲ್ಲಿ ‘ವಿಕ್ರಮಾರ್ಜುನ ವಿಜಯ’ದೊಳಗೆ ಹಂಬಲಿಸಿದ ಪಂಪನೂ ಕುಟ್ರುಹಕ್ಕಿಯಾಗಬೇಕೆಂದು ಬಯಸಲಿಲ್ಲ. ಆ ಮಟ್ಟಿಗೆ ಮಹಾಕವಿ ನನ್ನ ಪಕ್ಷದ ಸಾಕ್ಷಿ.

ಬೇಸಗೆಯ ರಜೆಯಲ್ಲಿ ಪೇಟೆಯಿಂದ ಬರುವ ಮಿತ್ರರು ಅಂಗಳದಂಚಿನಲ್ಲಿ ನಿಂತು, ಕೈಗಳನ್ನು ಸೊಂಟಕ್ಕೆ ಕೊಟ್ಟು, ದೀರ್ಘವಾಗಿ ಉಸಿರೆಳೆದು, “ನಿಮಗೇನು ಬಿಡಿ, ವಸಂತವೆಲ್ಲ ನಿಮ್ಮ ಅಂಗಳದಲ್ಲೇ ಇದೆ” ಎನ್ನುತ್ತಾರೆ. ಅಂಗಳದಲ್ಲಿರುವುದು ದಿಟ, ಎಷ್ಟರಮಟ್ಟಿಗೆ ದಿಟವೆಂದರೆ, ಅದನ್ನು ದಾಟಿ ಬಚ್ಚಲುಮನೆಗೆ ಹೋಗುವುದಕ್ಕೆ ದಾರಿಯಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಚಾಪೆಗಳ ಮೇಲೆ ಹಲಸಿನಕಾಯಿಯ ಹಪ್ಪಳ, ಅದರ ಮಗ್ಗುಲಲ್ಲಿ ಹಳೆಯ ಸೀರೆಯ ಮೇಲೆ ಅಕ್ಕಿಯ ಸಂಡಿಗೆ, ತುಳಸಿಕಟ್ಟೆಯ ಸುತ್ತ ಮುರುಗಲ ಹಣ್ಣಿನ ಸಿಪ್ಪೆ. ಕಾಗೆಗಳನ್ನು ಹೆದರಿಸಲೆಂದು ಕರಿಯ ಕೊಡೆಯೊಂದನ್ನು ಬಿಚ್ಚಿ ನಡುವೆ ನಿಲ್ಲಿಸಿರುತ್ತಾರೆ. ಮಳೆಯಲ್ಲಿ ನನ್ನನ್ನು ಕಾಯಬೇಕಾದ ಕೊಡೆ ಬಿಸಿಲಲ್ಲಿ ಹಪ್ಪಳವನ್ನು ಕಾಯುತ್ತ ನವೆದುಹೋಗುತ್ತದೆಂದು ಆಕ್ಷೇಪಿಸಿದರೆ, ಯಾವುದು ಮುಖ್ಯವೆಂಬ ಬಗ್ಗೆ ಅಡುಗೆಮನೆಯಲ್ಲಿ ಸಂದೇಹವಿಲ್ಲವೆಂಬ ಉತ್ತರ ಬರುತ್ತದೆ.

ಹೂವಿನ ವಿಷಯವೂ ಹಾಗೆಯೇ. ತೋಟದ ಮೇಲುಗಡೆಯ ಸುರಗಿಮರ ಈ ಕಾಲದಲ್ಲಿ ಹಳೆಯ ಕೊಂಬೆಗಳ ಮೈಯಿಂದಲೇ ಬಿಳಿಯ ಹೂಗಳನ್ನು ಒತ್ತೊತ್ತಾಗಿ ಹೊರಡಿಸಿ, ಬೆಳಗಿನ ಜಾವದಲ್ಲಿ ಕಣಿವೆಯನ್ನೆಲ್ಲ ತನ್ನ ಪರಿಮಳದಿಂದ ತುಂಬುತ್ತದೆ. ತುಡುವೆ ಜೇನುಗಳ ಝೇಂಕಾರ ಮನೆಯವರೆಗೆ ಕೇಳುತ್ತದೆ. ಆದರೆ ನಮ್ಮ ಹೆಂಗಸರು ಅದರಡಿಯಲ್ಲಿ ಬಟ್ಟೆ ಹಾಸಿ ಮೊಗ್ಗು ಹೂಗಳನ್ನು ಕೂಡಿಹಾಕುವುದು ಮುಡಿಯುವುದಕ್ಕೆ ಮಾತ್ರವಲ್ಲ, ಒಣಗಿಸಿ ಇಡುವುದಕ್ಕೆ. ಒಣಗಿದರೂ ಗಂಧ ಬಿಡದ ಹೂವು ಅದು. ಆ ಮಾಲೆ ಪೆಟ್ಟಿಗೆಯ ಸೀರೆಗಳ ಮಡಿಕೆಯಲ್ಲಿ ಮಳೆಗಾಲವನ್ನು ಕಳೆಯುತ್ತದೆ. ಮಾವು ಹೊನ್ನೆಗಳ ತಾಮ್ರವರ್ಣದ ಚಿಗುರನ್ನು ನೋಡಿ ಅತಿಥಿಗಳು ಪುಲಕಿತರಾಗುವಾಗ, ಮನೆಯ ಆಳುಗಳು ನೆಲ ನೋಡುತ್ತಿರುತ್ತಾರೆ. ಉದುರಿದ ದರಕನ್ನು ಸೊಪ್ಪಿನಬೆಟ್ಟದಿಂದ ಗುಡಿಸಿ ತಂದು ಒಟ್ಟದಿದ್ದರೆ ಆಷಾಢದಲ್ಲಿ ಕೊಟ್ಟಿಗೆಯ ದನಗಳು ಕೆಸರಿನಲ್ಲಿ ಮಲಗಬೇಕಾಗುತ್ತದೆ.

ಇಂಗ್ಲೆಂಡಿನ ಹ್ಯಾಂಪ್‌ಷೈರಿನ ಸೆಲ್ಬೋರ್ನ್ ಎಂಬ ಹಳ್ಳಿಯಲ್ಲಿದ್ದ ಗಿಲ್ಬರ್ಟ್ ವೈಟ್ ಎಂಬ ಪಾದ್ರಿಯ ಪುಸ್ತಕವನ್ನು ಮಧ್ಯಾಹ್ನಗಳಲ್ಲಿ ತಿರುವಿಹಾಕುವುದು ನನಗೊಂದು ಚಟ. 1789ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ, ತನ್ನ ತೋಟಕ್ಕೆ ಯಾವ ಹಕ್ಕಿ ಎಂದು ಬಂತು, ಯಾವ ಹೂವು ಎಂದು ಅರಳಿತು ಎಂಬುದನ್ನು ಆತ ದೇವಪೂಜೆಯಷ್ಟೇ ಶ್ರದ್ಧೆಯಿಂದ ಬರೆದಿದ್ದಾನೆ. ಅವನ ಬಳಿ ತಿಮೋತಿ ಎಂಬ ಆಮೆಯಿತ್ತು. ಅದು ಚಳಿಗಾಲ ಹೊಕ್ಕೊಡನೆ ಮಣ್ಣನ್ನು ಅಗೆದು ಒಳಸೇರಿ, ವಸಂತ ಬಂದಾಗ ತಲೆ ಹೊರಹಾಕುತ್ತಿತ್ತು. (ಜೀವಮಾನವೆಲ್ಲ ಗಂಡೆಂದು ಕರೆಸಿಕೊಂಡ ಆ ಆಮೆ ಹೆಣ್ಣೆಂದು ಅದು ಸತ್ತ ಮೇಲೆ ಚಿಪ್ಪು ನೋಡಿದವರಿಗೆ ತಿಳಿಯಿತು.) ಆ ದೇಶದಲ್ಲಿ ವಸಂತವೆಂದರೆ ಬಿಲದಿಂದ ಹೊರಬೀಳುವ ಋತು. ನಮ್ಮಲ್ಲಿ ಬಿಲಕ್ಕೆ ಹೊಗುವ ಮೊದಲಿನ ಋತು. ನಮ್ಮ ಚಳಿಗಾಲವೆಂಬುದು ಜೂನಿನಲ್ಲಿ ಮಳೆಯ ರೂಪದಲ್ಲಿ ಬರುತ್ತದೆ. ಆಗ ಹೊಳೆ ತುಂಬಿ, ಸಂಕ ಮುಳುಗಿ, ಸೌದೆ ಹಸಿಯಾಗಿ, ಕಾಯಿಪಲ್ಯವೆಂಬುದು ಕೆಸವಿನ ಸೊಪ್ಪು ಕಳಲೆಗಳಿಗೆ ಇಳಿದು, ಮನುಷ್ಯರೆಲ್ಲ ತಿಮೋತಿಗಳಾಗಿ ಒಲೆಯ ಮುಂದೆ ಕೂರುವ ಕಾಲದಲ್ಲಿ, ಬಾಳೆಲೆಯ ತುದಿಯಲ್ಲಿ ಏನಿರಬೇಕೆಂಬ ಪ್ರಶ್ನೆಗೆ ಚೈತ್ರದಲ್ಲೇ ಉತ್ತರ ಬರೆದಿಟ್ಟಿರಬೇಕು. ಆ ಉತ್ತರದ ಹೆಸರು ಅಪ್ಪೆಮಿಡಿ.

ಇಲ್ಲಿಗೆ ಬಂದ ಮೇಲೆ ಕುಟ್ರುಹಕ್ಕಿ ಅದರ ಪಾಡಿಗೆ ಕೂಗಿಕೊಳ್ಳಲಿ.

ಅಪ್ಪೆ ಹಣ್ಣಾಗಿ ಹೆಸರು ಪಡೆದ ಮಾವಲ್ಲ. ಅದರ ಮಹಿಮೆಯೆಲ್ಲ ಮಿಡಿಯಲ್ಲಿ, ಮಿಡಿಯ ಮಹಿಮೆಯೆಲ್ಲ ಸೊನೆಯಲ್ಲಿ. ತೊಟ್ಟನ್ನು ಮುರಿದು ಮೂಗಿಗೆ ಹಿಡಿದರೆ ಒಂದು ಮರದ್ದು ಜೀರಿಗೆ, ಇನ್ನೊಂದರದು ಕರ್ಪೂರ. ಜೀರಿಗೆ ಮಿಡಿ, ಕರ್ಪೂರ ಮಿಡಿ, ಅನಂತಭಟ್ಟನ ಅಪ್ಪೆ ಎಂದು ಮರಗಳಿಗೆ ಮನುಷ್ಯರಂತೆ ಹೆಸರುಗಳಿವೆ. ಹೊಳೆಯಂಚಿನಲ್ಲಿ, ಹಳ್ಳದ ಕೊರಕಲಿನಲ್ಲಿ, ಯಾರೂ ನೆಡದೆ ಯಾರೂ ನೀರೆರೆಯದೆ ಬೆಳೆದುನಿಂತ ಮರಗಳಿವು. ಒಂದೊಂದು ಹೂಗೊಂಚಲಿನಲ್ಲಿ ಸಾವಿರಕ್ಕೂ ಮಿಕ್ಕಿ ಹೂಗಳಿರುವುದುಂಟು. ಬಹುಭಾಗ ಬರಿಯ ಗಂಡುಹೂಗಳು. ನೂರಕ್ಕೆ ಒಂದು ಸಹ ಕಾಯಾಗಿ ನಿಲ್ಲುವುದು ಕಷ್ಟ. ಮಾವಿನ ಹೂವಿನ ಪರಾಗವನ್ನು ಹೊತ್ತು ತಿರುಗುವುದು ಕೂಡ ಹೆಚ್ಚಾಗಿ ಕಾವ್ಯದ ದುಂಬಿಯಲ್ಲ, ನೊಣ. ಪಂಪನಿಗೆ ಇದನ್ನು ಯಾರೂ ಹೇಳದಿದ್ದುದೇ ಒಳಿತು. ಹೂವು ನಿಂತ ಮೇಲೂ ಮೋಡ ಕವಿದು ಇಬ್ಬನಿ ಸುರಿದರೆ ಬೂದಿರೋಗ ತಗಲಿ ಗೊಂಚಲು ಕರಕಾಗುತ್ತದೆ. ಆದುದರಿಂದ ಮಾಘ ಫಾಲ್ಗುಣಗಳಲ್ಲಿ ಆಕಾಶದಲ್ಲಿ ಒಂದು ಮೋಡ ಕಂಡರೂ ನಮ್ಮ ದೊಡ್ಡಮ್ಮನ ಮುಖದಲ್ಲಿ ಎರಡು ಕಾಣುತ್ತಿದ್ದುವು.

ಒಳಗಿನ ಓಟೆ ಬಲಿಯುವ ಮುನ್ನವೇ ಮಿಡಿಯನ್ನು ಇಳಿಸಬೇಕು. ಅಡಕೆಯ ಕೊನೆ ಇಳಿಸುವ ಕೊನೆಗೌಡನೇ ಇದಕ್ಕೂ ಬೇಕು. ಅವನು ಹೊಳೆಯ ಮೇಲೆ ಬಾಗಿದ ಕೊಂಬೆಯಲ್ಲಿ ಕುಳಿತು, ಗೊಂಚಲುಗಳನ್ನು ತೊಟ್ಟುಸಹಿತ ಬಿಡಿಸಿ ಹೆಡಿಗೆಗೆ ತುಂಬಿ, ಹಗ್ಗದಲ್ಲಿ ಮೆಲ್ಲಮೆಲ್ಲನೆ ಕೆಳಗಿಳಿಸುತ್ತಾನೆ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಅಂದಿನ ಚಟ್ನಿಗೆ ಸೇರತಕ್ಕದ್ದೇ ಹೊರತು ಭರಣಿಗಲ್ಲ. ಮಿಡಿಯನ್ನು ಮಾರುವುದೂ ತೂಕದಿಂದಲ್ಲ, ನೂರು ಸಾವಿರಗಳ ಎಣಿಕೆಯಿಂದ. ತೂಗಿ ಕೊಡುವ ವಸ್ತುವಲ್ಲ ಅದು ಎಂಬ ಗೌರವ ಆ ಎಣಿಕೆಯಲ್ಲಿದೆ. ಮನೆಗೆ ಬಂದ ಮಿಡಿಗಳನ್ನು ಜಗಲಿಯಲ್ಲಿ ಹರವಿ ಆರಿಸುವಾಗ ದೊಡ್ಡಮ್ಮ ಹಿಂದಿನಿಂದ ಬಂದು ನಿಲ್ಲುತ್ತಿದ್ದಳು. “ತಮಾ, ತೊಟ್ಟು ಮುರಿದಿದ್ದು ಒಂದೂ ಭರಣಿಗೆ ಹಾಕಡ, ಅದೊಂದೇ ಸಾಕು, ಎಲ್ಲ ಕೆಡಸ್ತು” ಎಂಬ ಆ ಒಂದು ವಾಕ್ಯವನ್ನು ಆಕೆ ಪ್ರತಿವರ್ಷವೂ ಹೊಸದಾಗಿ ಹೇಳುತ್ತಿದ್ದಳು.

ತೊಳೆದು, ಒರಸಿ, ನೆರಳಿನಲ್ಲಿ ಆರಿಸಿದ ಮಿಡಿಗಳನ್ನು ಹರಳುಪ್ಪಿನೊಡನೆ ಪದರಪದರವಾಗಿ ಭರಣಿಗೆ ತುಂಬಿದರೆ, ದಿನಗಳೆದಂತೆ ಅವು ನೀರು ಬಿಟ್ಟು, ಮುರುಟಿ, ಮುದುಕರ ಬೆರಳಿನ ತುದಿಯಾಗುತ್ತವೆ. ಆ ಉಪ್ಪುನೀರನ್ನು ಬಸಿದು ಕುದಿಸಿ ಆರಿಸಿ, ಸಾಸಿವೆ, ಬ್ಯಾಡಗಿ ಮೆಣಸು, ಅರಿಸಿನಗಳನ್ನು ಅದರಲ್ಲೇ ಅರೆದು ಮಿಡಿಗೆ ಬೆರೆಸುತ್ತಾರೆ. ಉಪ್ಪಿನಕಾಯಿಗೆ ಎಣ್ಣೆ ಹಾಕುವುದಿಲ್ಲ. ಬಯಲುಸೀಮೆಯವರು ಇದನ್ನು ನಂಬುವುದಿಲ್ಲ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ಒದ್ದೆ ಕೈಯವರು ಆ ಕೋಣೆಯ ಹೊಸ್ತಿಲು ದಾಟಕೂಡದು. ಹೀಗೆ ಇಟ್ಟ ಮಿಡಿ ವರ್ಷಗಟ್ಟಲೆ ಕೆಡದೆ, ಹಲ್ಲಿಗೆ ಸಿಕ್ಕಾಗ ಕಟುಕೆಂದು ಸದ್ದು ಮಾಡುತ್ತದೆ. ಇನ್ನುಳಿದ ಒಂದಿಷ್ಟು ಮಿಡಿ ಬೆಂದು, ಕಿವುಚಿಸಿಕೊಂಡು, ಹಸಿಮೆಣಸು ಇಂಗುಗಳ ಒಗ್ಗರಣೆಯೊಡನೆ ಅಪ್ಪೆಹುಳಿಯಾಗಿ ಲೋಟಕ್ಕೆ ಬರುತ್ತದೆ. ಅದನ್ನು ಕುಡಿದವನಿಗೆ ಬರುವ ನಿದ್ದೆಯನ್ನು ಯಾವ ಹಕ್ಕಿಯೂ ಕೆಡಿಸಲಾರದೆಂದು ಹೇಳುತ್ತಾರೆ. ಆ ಮಾತು ನಮ್ಮ ಹಿತ್ತಿಲ ಹಕ್ಕಿಗೆ ಅನ್ವಯಿಸುವುದಿಲ್ಲ.

ಭರಣಿಯೊಳಗೆ ನಡೆಯುವ ಸಂಗಮವೊಂದಿದೆ. ಶಿರಸಿಯ ಕಡೆ ಹುಟ್ಟಿದ ಅಘನಾಶಿನಿ, ಅಣೆಕಟ್ಟಿನ ತಡೆಯಿಲ್ಲದೆ ಹರಿದು, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಕಾಡು ಕಣಿವೆಗಳನ್ನು ಬಳಸಿ ಕುಮಟೆಯ ಹತ್ತಿರ ಸಮುದ್ರವನ್ನು ಸೇರುತ್ತದೆ. ಅದರ ಹಿನ್ನೀರಿನ ಮಗ್ಗುಲಲ್ಲಿ, ಗೋಕರ್ಣದ ಸಮೀಪದ ಸಾಣಿಕಟ್ಟಾದಲ್ಲಿ, ಉಪ್ಪಿನ ಗದ್ದೆಗಳಿವೆ; ಅಲ್ಲಿಯೂ ಮಳೆ ಬರುವ ಮುನ್ನ ಬಿಸಿಲಿನಲ್ಲಿ ಉಪ್ಪನ್ನು ಬಾಚಿಕೊಳ್ಳುವ ಕಾಲ ಇದೇ. ಮೇಲಣ ದಡದ ಮಿಡಿ, ಕೆಳಗಣ ಮುಖದ ಉಪ್ಪು. ಒಂದೇ ಹೊಳೆಯ ಎರಡು ಕೊನೆಗಳು ಒಂದೇ ವಸಂತದಲ್ಲಿ ಹೊರಟು, ಒಂದು ಇಳಿದು ಒಂದು ಘಟ್ಟ ಹತ್ತಿ, ನಮ್ಮ ಉಗ್ರಾಣದ ಕತ್ತಲೆಯಲ್ಲಿ ಕೂಡುತ್ತವೆ. ಬಂದ ಮಿತ್ರರಿಗೆ ವಸಂತವನ್ನು ತೋರಿಸಬೇಕಾದರೆ ನಾನು ಅಂಗಳಕ್ಕಲ್ಲ, ಉಗ್ರಾಣಕ್ಕೆ ಕರೆದೊಯ್ಯಬೇಕು. ಆದರೆ ಅವರ ಕೈ ಒದ್ದೆಯಾಗಿರುತ್ತದೆಂಬ ಅನುಮಾನ ಮನೆಯಲ್ಲಿ ಎಲ್ಲರಿಗೂ ಇದೆ.

ಅಣೆಕಟ್ಟಿನ ತಡೆಯಿಲ್ಲದೆ ಹರಿಯುವ ಈ ಭಾಗ್ಯ ಪಕ್ಕದ ಶರಾವತಿಗೆ ಉಳಿಯಲಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಅನೇಕ ಹಳ್ಳಿಗಳೂ ತೋಟಗಳೂ ಮುಳುಗಿದುವು; ಅವುಗಳೊಡನೆ ಹೊಳೆಯಂಚಿನ ಮಾವಿನ ಮರಗಳೂ ಹೋದುವು. ಮನೆ ಮುಳುಗಿದವರು ಬೇರೆಡೆ ಮನೆ ಕಟ್ಟಿಕೊಂಡರು. ಅಪ್ಪೆಗೆ ಆ ಸೌಕರ್ಯವಿಲ್ಲ. ಓಟೆ ನೆಟ್ಟರೆ ಮರವೇನೋ ಏಳುತ್ತದೆ, ತಾಯಿಯ ಗುಣ ಬಂದೀತೆಂಬ ಭರವಸೆಯಿಲ್ಲ. ಕುಡಿ ತಂದು ಕಸಿ ಕಟ್ಟಿದರೆ ಮಾತ್ರ ಅದೇ ಸೊನೆ, ಅದೇ ಗಂಧ. ಕುಡಿ ಕೊಡುವುದಕ್ಕೆ ಮೂಲಮರ ನಿಂತಿರಬೇಕಷ್ಟೆ. ಸರ್ಕಾರ ಅಪ್ಪೆಮಿಡಿಗೆ ಜಿ.ಐ. (ಭೌಗೋಳಿಕ ಸೂಚಕ) ಮಾನ್ಯತೆ ಕೊಟ್ಟಿದೆ, ಸಂತೋಷ. ಆದರೆ ಮಾನ್ಯತೆ ಬಂದ ಮೇಲೆ ಬೆಲೆ ಬಂದಿದೆ, ಬೆಲೆ ಬಂದ ಮೇಲೆ ಅವಸರ ಬಂದಿದೆ. ಹತ್ತಿ ಬಿಡಿಸುವ ತಾಳ್ಮೆಯಿಲ್ಲದವರು ರಾತ್ರಿ ಹೊಳೆಯಂಚಿಗೆ ಹೋಗಿ, ಮಿಡಿಯಿರುವ ಕೊಂಬೆಯನ್ನೇ ಕತ್ತಿಯಿಂದ ಕಡಿದು ಕೆಡಹಿ, ನೆಲದಲ್ಲಿ ಕುಳಿತು ಆರಿಸಿಕೊಂಡು ಹೋಗುತ್ತಾರೆ. ಹಾಗೆ ಕಡಿಸಿಕೊಂಡ ಮರ ಮರುವರ್ಷ ಹೂಬಿಡುವುದಿಲ್ಲ. ಕೆಲವು ಮತ್ತೆಂದೂ ಬಿಡುವುದಿಲ್ಲ.

ಇದನ್ನು ಓದುವವರಲ್ಲಿ ಹೊಳೆಯ ದಡದಲ್ಲಿ ಅಪ್ಪೆಮರವಿರುವವರು ಯಾರಾದರೂ ಇದ್ದರೆ, ಅವರಲ್ಲಿ ನನ್ನದೊಂದು ಬೇಡಿಕೆ: ಮಿಡಿ ಕೊಯ್ಯುವ ಗುತ್ತಿಗೆಯನ್ನು ಕತ್ತಿ ತರುವವನಿಗೆ ಕೊಡಬೇಡಿ, ಹಗ್ಗ ಹೆಡಿಗೆ ತರುವವನಿಗೆ ಕೊಡಿ, ಮಳೆ ಹಿಡಿದೊಡನೆ ಎರಡು ಕುಡಿಗಳನ್ನಾದರೂ ಕಸಿ ಕಟ್ಟಿಸಿ, ಒಂದನ್ನು ನೆರೆಮನೆಗೆ ಕೊಡಿ.