ಸಿಂಕಿಗೆ ಸುರಿದ ನೇರಳೆ ನೀರು

ತೊಂಬತ್ತರ ದಶಕದ ಕೊನೆ. ಹೊಳೆನರಸೀಪುರದಿಂದ ಬೆಂಗಳೂರಿಗೆ ಬಂದು ರಸಾಯನಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ಬೆಳಕು ತಾಗಿದರೆ ಬಣ್ಣ ಬದಲಿಸುವ ಪ್ರೋಟೀನಿನಿಂದ ಕಂಪ್ಯೂಟರಿನ ಮೆಮೊರಿ ಕಟ್ಟಬಹುದೆಂದು ಅಮೆರಿಕದ ರಸಾಯನಶಾಸ್ತ್ರಜ್ಞ ರಾಬರ್ಟ್ ಬರ್ಜ್ 1995ರ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಬರೆದಿದ್ದರು. ಅದನ್ನು ಓದಿದ ಮೇಲೆ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಪ್ರೋಟೀನಿನ ಹೆಸರು ಬ್ಯಾಕ್ಟೀರಿಯೊರೊಡಾಪ್ಸಿನ್. ಕಡು ಉಪ್ಪುನೀರಿನಲ್ಲಿ ಬದುಕುವ ಸೂಕ್ಷ್ಮಜೀವಿಯೊಂದರ ಪೊರೆಯಲ್ಲಿರುತ್ತದೆ. ನಮ್ಮ ಕಣ್ಣಿನಲ್ಲಿ ಬೆಳಕು ಹಿಡಿಯುವ ರೆಟಿನಾಲ್ ಅಣುವೇ ಇದರೊಳಗೂ ಇದೆ. ಬೆಳಕು ಬಿದ್ದರೆ ನೇರಳೆ ಹೋಗಿ ಹಳದಿಯಾಗುತ್ತದೆ. ಸೆಕೆಂಡಿನ ನೂರರಲ್ಲೊಂದು ಭಾಗದೊಳಗೆ ಮತ್ತೆ ನೇರಳೆ.

ಅರಕಲಗೂಡಿನ ಕಡೆಯ ಕಿರಿಯ ಸಹೋದ್ಯೋಗಿಯೊಬ್ಬಳು ಲೀಟರಿಗೆ 250 ಗ್ರಾಂ ಉಪ್ಪು ಹಾಕಿ, ರಾತ್ರಿಯೆಲ್ಲ ಎದ್ದು ಬಂದು ನೋಡಿಕೊಂಡು, ಒಂದು ವಾರ ಆ ಜೀವಿಗಳನ್ನು ಬೆಳೆಸಿದಳು. ತೊಳೆಯುವ ಕೆಲಸ ನನ್ನದು. ಅಷ್ಟೇ ಉಪ್ಪಿನ ನೀರಿನಲ್ಲಿ ತೊಳೆಯಬೇಕಿತ್ತು. ಚೊಕ್ಕಟವಾಗಲಿ ಎಂದು ನಾನು ಡಿಸ್ಟಿಲ್ಡ್ ನೀರು ಸುರಿದೆ. ಕಣ್ಣೆದುರೇ ಜೀವಿಗಳ ಮುದ್ದೆ ಕರಗಿ ಲೋಳೆಯಾಯಿತು. ಗಾಜಿನ ಕಡ್ಡಿ ಎತ್ತಿದರೆ ಎಳೆ ಎಳೆಯಾಗಿ ಜೋತುಬಿತ್ತು. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿದೆ. ತಳದಲ್ಲಿ ಚೂರು ಗಸಿ, ಮೇಲೆ ಕೆಂಪು ಬೆರೆತ ನೇರಳೆ ನೀರು. ಎಲ್ಲ ಕೆಟ್ಟಿತೆಂದು ಆ ನೀರನ್ನು ಸಿಂಕಿಗೆ ಚೆಲ್ಲಿದೆ.

ಮಾರ್ಗದರ್ಶಕರು ಕೇಳಿದಾಗ, ‘ಉಪ್ಪಿನ ತೂಕದಲ್ಲಿ ಅವಳೇ ತಪ್ಪಿರಬೇಕು ಸಾರ್’ ಅಂದೆ. ಅವಳು ಮಾತಾಡಲಿಲ್ಲ. ತನ್ನ ನೋಟ್‌ಬುಕ್ ತೆರೆದು, ಬರೆದಿಟ್ಟ ತೂಕದ ಮೇಲೆ ಬೆರಳಿಟ್ಟು ನಿಂತಳು.

ಆಮೇಲಷ್ಟೇ ವಿಧಾನವನ್ನು ಪೂರ್ತಿ ಓದಿದೆ. ತೊಳೆದಾದ ಮೇಲೆ ಬೇಕೆಂದೇ ಸಿಹಿನೀರು ಹಾಕುತ್ತಾರೆ. ಕೋಶ ಒಡೆದು ನೇರಳೆ ಪೊರೆ ನೀರಿಗೆ ಬರುತ್ತದೆ. ಇನ್ನೂ ಜೋರಾಗಿ ತಿರುಗಿಸಿದರೆ ತಳಕ್ಕೆ ಇಳಿಯುತ್ತದೆ. ನಮಗೆ ಬೇಕಾದದ್ದನ್ನೇ ನಾನು ಚೆಲ್ಲಿದ್ದೆ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಕಾರಿಡಾರಿನಲ್ಲಿ ಅವಳು ಎದುರಾದರೆ ಗಡಿಯಾರ ನೋಡಿಕೊಳ್ಳುತ್ತಿದ್ದೆ.

ಎರಡು ತಿಂಗಳ ನಂತರ ಊರಿಗೆ ಹೋದೆ. ಊಟಕ್ಕೆ ಕೂತಾಗ ಅಮ್ಮ ಉಪ್ಪಿನಕಾಯಿ ಭರಣಿ ತೆಗೆದಳು, ಮೇಲೆಲ್ಲ ಬೂಷ್ಟು. ‘ಒದ್ದೆ ಸೌಟು ಹಾಕಿಬಿಟ್ಟಿದ್ದೆ, ನಂದೇ ತಪ್ಪು’ ಎಂದು ಹೇಳಿ ಮಜ್ಜಿಗೆ ಬಡಿಸಲು ಬಗ್ಗಿದಳು. ಅಷ್ಟೇ. ತುತ್ತು ನನ್ನ ಗಂಟಲಲ್ಲೇ ನಿಂತಿತು.

ಬೆಂಗಳೂರಿಗೆ ಮರಳಿ, ಮಾರ್ಗದರ್ಶಕರ ಎದುರೇ ಆ ಸಹೋದ್ಯೋಗಿಗೆ ಎಲ್ಲ ಹೇಳಿದೆ. ‘ಅವತ್ತೇ ಗೊತ್ತಿತ್ತು’ ಅಂದಳು. ‘ಸಿಂಕೆಲ್ಲ ನೇರಳೆಯಾಗಿತ್ತಲ್ಲ. ನೀವೇ ಹೇಳ್ತೀರ ಅಂತ ಕಾದೆ.’

ಬರ್ಜ್ 2009ರಲ್ಲಿ ಲ್ಯಾಂಬ್ಡಾವಿಷನ್ ಕಂಪನಿ ಕಟ್ಟಿದರು. ದೃಷ್ಟಿ ಕಳೆದುಕೊಂಡವರಿಗಾಗಿ ಅದೇ ಪ್ರೋಟೀನನ್ನು ಪದರದ ಮೇಲೆ ಪದರ ಕೂರಿಸಿ ಕೃತಕ ರೆಟಿನಾ ಮಾಡುವ ಪ್ರಯತ್ನ ಬಾಹ್ಯಾಕಾಶ ನಿಲ್ದಾಣದವರೆಗೂ ಹೋಗಿದೆ. ಆ ಸುದ್ದಿ ಓದಿದಾಗಲೆಲ್ಲ ನನಗೆ ನೆನಪಾಗುವುದು ನೋಟ್‌ಬುಕ್ಕಿನ ಮೇಲಿದ್ದ ಆ ಬೆರಳು.

ಈಗ ಹಾಸನದಲ್ಲಿ ಪಾಠ ಹೇಳುತ್ತೇನೆ. ಪ್ರಯೋಗ ಕೆಟ್ಟಿತೆಂದು ಮಕ್ಕಳು ಬಂದರೆ, ಯಾರು ಕೆಡಿಸಿದ್ದು ಎಂದು ಕೇಳುವುದಿಲ್ಲ. ‘ಚೆಲ್ಲಬೇಡಿ, ಹಾಗೇ ತನ್ನಿ, ಒಟ್ಟಿಗೆ ನೋಡೋಣ’ ಅನ್ನುತ್ತೇನೆ.