ಹನ್ನೊಂದು ದಿನದ ಲೆಕ್ಕ

ಹೋದ ವರ್ಷ ಏಪ್ರಿಲ್ ರಜೆಗೆ ಮಗ, ಸೊಸೆ, ಮೊಮ್ಮಗ ಬೆಂಗಳೂರಿನಿಂದ ಶಂಕರನಾರಾಯಣಕ್ಕೆ ಬಂದಿಳಿದಾಗ ಸೊಸೆಯ ಕೈಚೀಲದಲ್ಲಿ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ಬಸ್ಸಿನ ದಣಿವು ಆರುವ ಮೊದಲೇ ಅವಳು ಅಡುಗೆ ಮನೆಗೆ ಹೋಗಿ ಅತ್ತೆಯ ಹತ್ತಿರ ಆಡಿದ ಮಾತು ಜಗಲಿಯಲ್ಲಿ ಕೂತಿದ್ದ ನನಗೂ ಕೇಳಿಸಿತು.

"ಅತ್ತೆ, ನಾಳೆಯಿಂದ ಪುಟ್ಟನಿಗೆ ಅಕ್ಕಿ ಕೊಡುವ ಹಾಗಿಲ್ಲ. ಗೋಧಿ, ರಾಗಿ, ಸಕ್ಕರೆ, ಆಲೂಗಡ್ಡೆ, ಹಾಲು ಯಾವುದೂ ಬೇಡ."

ಸ್ವಲ್ಪ ಹೊತ್ತು ಒಳಗಿನಿಂದ ಸದ್ದೇ ಇಲ್ಲ. ಆಮೇಲೆ ನನ್ನವಳ ದನಿ: "ಅಕ್ಕಿ ಬ್ಯಾಡ ಅಂದ್ರೆ ಉಂಬುದ್ ಎಂತ ಮಗಾ?"

ಪುಟ್ಟನಿಗೆ ಆಗ 6 ವರ್ಷ. ಆಟಿಸಂ ಇದೆ ಎಂದು ಗೊತ್ತಾದದ್ದು 3ರಲ್ಲಿ. ಮಾತು ಎಂದರೆ ಹದಿನೈದು ಇಪ್ಪತ್ತು ಶಬ್ದ. ಅದರಲ್ಲಿ 'ಅಜ್ಜಯ್ಯ' ಒಂದು, 'ಗಂಜಿ' ಒಂದು. ಅವನು ತಿನ್ನುತ್ತಿದ್ದದ್ದು ನಾಲ್ಕೇ ನಾಲ್ಕು: ಕುಚ್ಚಲಕ್ಕಿ ಗಂಜಿ, ಉದ್ದಿನ ದೋಸೆ, ಮೊಸರನ್ನ, ಒಂದೇ ಒಂದು ಬಗೆಯ ಬಿಸ್ಕತ್ತು. ಬಿಸ್ಕತ್ತಿನ ಅಂಚು ಮುರಿದಿದ್ದರೆ ಅದೂ ಬೇಡ. ಪುಸ್ತಕ ಬೇಡವೆಂದ ಪಟ್ಟಿಯಲ್ಲಿ ಈ ನಾಲ್ಕೂ ಇದ್ದವು.

ಆ ಪಥ್ಯಕ್ಕೆ ಗಾಪ್ಸ್ ಎಂದು ಹೆಸರು. 2004ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಪುಸ್ತಕವಂತೆ. ಅದರ ವಾದ ಇಷ್ಟು: ಮಗುವಿನ ಕರುಳಿನ ಒಳಪದರ ಕೆಟ್ಟು ಸೋರುತ್ತದೆ, ಅಲ್ಲಿಂದ ವಿಷ ರಕ್ತಕ್ಕೆ ಸೇರುತ್ತದೆ, ರಕ್ತದಿಂದ ಮಿದುಳಿಗೆ ಹೋಗುತ್ತದೆ. ಕರುಳು ಗುಣವಾದರೆ ಮಿದುಳೂ ಸರಿಯಾಗುತ್ತದೆ. ಮೊದಲು ಬರೀ ಮಾಂಸ, ಎಲುಬು ಬೇಯಿಸಿದ ಸಾರು, ಬೆಂದ ತರಕಾರಿ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮೊಟ್ಟೆ, ತುಪ್ಪ, ಹಣ್ಣು. ಪೂರ್ತಿ ಮುಗಿಯಲು ಎರಡು ವರ್ಷ ಬೇಕು. ಫೋನಿನಲ್ಲೇ ಸಲಹೆ ಕೊಡುವ ಒಬ್ಬರಿಗೆ ಮಗ ಮೂರು ತಿಂಗಳ ಹಣ 12,000 ರೂಪಾಯಿ ಮುಂಗಡ ಕಟ್ಟಿಯೂ ಆಗಿತ್ತು. ಊರಿನಲ್ಲಾದರೆ ಶುದ್ಧ ತುಪ್ಪ, ಗಾಣದ ತೆಂಗಿನೆಣ್ಣೆ ಸಿಗುತ್ತದೆ ಎಂದೇ ಇಲ್ಲಿ ಶುರು ಮಾಡಲು ಬಂದದ್ದು.

ನಮ್ಮದು ಮೊಟ್ಟೆಯನ್ನೂ ಒಳಗೆ ತಾರದ ಮನೆ. ಎಲುಬಿನ ಸಾರಿನ ಮಾತು ಬಂದಾಗ ನಾನು ನನ್ನವಳ ಮುಖ ನೋಡಿದೆ. ಅವಳು ಒಂದು ಮಾತೂ ಆಡದೆ ಸೆರಗು ಸಿಕ್ಕಿಸಿಕೊಂಡು ಬೇಲಿಯಾಚೆಯ ಮನೆಗೆ ಹೋದಳು. ಆ ಮನೆಯಾಕೆ ನಲವತ್ತು ವರ್ಷದ ನೆರೆಯವಳು, ಕೋಳಿ ಸಾರಿಗೆ ಹೆಸರಾದ ಕೈ. ಮರುದಿನ ಬೆಳಿಗ್ಗೆ ಮಸಾಲೆ ಇಲ್ಲದ, ಖಾರ ಇಲ್ಲದ, ಬರೀ ಉಪ್ಪು ಹಾಕಿದ ಸಾರು ಸ್ಟೀಲಿನ ಡಬ್ಬಿಯಲ್ಲಿ ಬಂತು. "ಇದನ್ ಯಾರ್ ಉಂಬ್ದ್ ಅಮ್ಮಾ, ಹೆಣ್ಣಿಗೆ ಬುದ್ಧಿ ಇಲ್ಯಾ" ಎಂದು ಗೊಣಗಿದರೂ ಆಕೆ ಹನ್ನೊಂದು ದಿನವೂ ತಪ್ಪದೆ ತಂದುಕೊಟ್ಟಳು. ನನ್ನವಳು ಅದನ್ನು ಜಗಲಿಯಲ್ಲೇ ತಾನೇ ಚಮಚದಲ್ಲಿ ಕುಡಿಸಲು ನೋಡಿದಳು. ಐವತ್ತು ವರ್ಷದಲ್ಲಿ ಅವಳು ಅಂಥದ್ದನ್ನು ಮುಟ್ಟಿದ್ದು ಅದೇ ಮೊದಲು. ಪುಟ್ಟ ವಾಸನೆಗೇ ವಾಂತಿ ಮಾಡಿಕೊಂಡ.

ದಿನದಿನದ ವಿವರ ಬರೆದಿಡಬೇಕೆಂದು ಸಲಹೆಯವರು ಹೇಳಿದ್ದರು. "ಮಾವ, ಬರೆಯುವುದು ನಿಮ್ಮ ಕೆಲಸ" ಎಂದಳು ಸೊಸೆ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದವನಿಗೆ ಇದಕ್ಕಿಂತ ಹಿತವಾದ ಕೆಲಸ ಯಾವುದು? ಇನ್ನೂರು ಪುಟದ ಪುಸ್ತಕ ತಂದು ಗೆರೆ ಎಳೆದೆ. ಗಂಟೆ, ಕೊಟ್ಟದ್ದು, ತಿಂದದ್ದು, ನಿದ್ರೆ, ಅಳು, ಮಲ, ಇತರೆ.

'ತಿಂದದ್ದು' ಎಂಬ ಕಾಲಂ ಮೂರು ದಿನ ಹೆಚ್ಚುಕಡಿಮೆ ಖಾಲಿಯೇ. ಸೌತೆಕಾಯಿ ಬೇಯಿಸಿಟ್ಟೆವು, ಸಿಹಿಗುಂಬಳ ಬೇಯಿಸಿಟ್ಟೆವು. ನಾಲ್ಕನೆಯ ದಿನ ಎರಡು ಚಮಚ ತುಪ್ಪ ನೆಕ್ಕಿದ. ಮೊಸರನ್ನು 24 ಗಂಟೆ ಹೆಪ್ಪಿಗೆ ಬಿಟ್ಟರೆ ಕೊಡಬಹುದು ಎಂದು ಪುಸ್ತಕದಲ್ಲಿತ್ತು. ಏಪ್ರಿಲ್ ತಿಂಗಳಲ್ಲಿ ನಮ್ಮ ಕರಾವಳಿಯ ಸೆಕೆಗೆ 24 ಗಂಟೆ ಬಿಟ್ಟ ಮೊಸರಿನ ಹುಳಿ ಎಂಥದ್ದೆಂದು ಬರೆದವರಿಗೆ ಗೊತ್ತಿರಲಿಕ್ಕಿಲ್ಲ. ನನ್ನ ಹಲ್ಲೇ ಜುಮ್ಮೆಂದಿತು. ಹುಳಿ ಬಂದ ಪದಾರ್ಥ ಕರುಳಿಗೆ ಒಳ್ಳೆಯದು ಎಂದೂ ಬರೆದಿತ್ತು. ಹಾಗಾದರೆ ರಾತ್ರಿ ನೀರು ಹಾಕಿಟ್ಟ ತಂಗಳನ್ನ ಏನು ಪಾಪ ಮಾಡಿತ್ತು ಎಂದು ಕೇಳಿದೆ. ಅದು ಅಕ್ಕಿ, ಮಾವ.

ಪುಟ್ಟ ಅಳುವುದಕ್ಕಿಂತ ಹೆಚ್ಚಾಗಿ ಮಾಡುತ್ತಿದ್ದ ಕೆಲಸ ಒಂದು. ಗಂಜಿ ಉಣ್ಣುವ ತನ್ನ ಸ್ಟೀಲಿನ ಬಟ್ಟಲನ್ನು ಎತ್ತಿಕೊಂಡು ಮನೆಯಿಡೀ ತಿರುಗುವುದು. ಅಡುಗೆ ಮನೆಯಲ್ಲಿ ಅಜ್ಜಿಯ ಎದುರು ಇಡುತ್ತಿದ್ದ, ಅಲ್ಲಿಂದ ತೆಗೆದು ಜಗಲಿಯಲ್ಲಿ ನನ್ನ ಮಡಿಲಲ್ಲಿ ಇಡುತ್ತಿದ್ದ, ಕೊನೆಗೆ ಅಮ್ಮನ ಹತ್ತಿರ. ನಾವು ನಮ್ಮ ಗಂಜಿಯನ್ನು ಅವನು ಮಲಗಿದ ಮೇಲೆ ಬಚ್ಚಲಿನ ಬದಿಯಲ್ಲಿ ಕೂತು ಕದ್ದು ಉಣ್ಣುತ್ತಿದ್ದೆವು. ಅನ್ನ ಬೇಯುವ ವಾಸನೆ ಬಾರದಿರಲೆಂದು ನನ್ನವಳು ಹಟ್ಟಿಯ ಹತ್ತಿರ ಒಲೆ ಹೂಡಿದ್ದಳು.

ಅಳು, ಸಿಟ್ಟು, ನಿದ್ರೆ ಇಲ್ಲದಿರುವುದು ಎಲ್ಲವನ್ನೂ ಸೊಸೆ ಫೋನಿನಲ್ಲಿ ತಿಳಿಸುತ್ತಿದ್ದಳು. ಬರುತ್ತಿದ್ದ ಉತ್ತರ ಒಂದೇ: ಒಳ್ಳೆಯ ಲಕ್ಷಣ, ಕರುಳಿನ ಕೆಟ್ಟ ರೋಗಾಣುಗಳು ಸಾಯುವಾಗ ವಿಷ ಬಿಡುತ್ತವೆ, ಅದಕ್ಕೇ ಹೀಗೆ, ಮುಂದುವರಿಸಿ. ಮೊದಲ ಸಲ ಕೇಳಿದಾಗ ಸರಿ ಅನಿಸಿತು. ಏಳನೆಯ ದಿನ ರಾತ್ರಿ ಪುಸ್ತಕ ಮುಂದಿಟ್ಟುಕೊಂಡಾಗ ಏನೋ ತಾಳೆಯಾಗಲಿಲ್ಲ. ಮಗು ಸುಧಾರಿಸಿದರೆ ಪಥ್ಯ ಫಲಿಸಿತು, ಜಮಾ. ಮಗು ಹದಗೆಟ್ಟರೂ ಪಥ್ಯ ಫಲಿಸುತ್ತಿದೆ, ಅದೂ ಜಮಾ. ಖರ್ಚಿನ ಕಡೆ ಬರೆಯಲು ಜಾಗವೇ ಇಲ್ಲದ ಖಾತೆಯನ್ನು ನನ್ನ ನೌಕರಿಯಲ್ಲಿ ನಾನು ನೋಡಿರಲಿಲ್ಲ. ನೋಡಿದ್ದರೆ ಮ್ಯಾನೇಜರರ ಮೇಜಿಗೆ ಒಯ್ದು ಇಡುತ್ತಿದ್ದೆ.

ಆದರೆ ಸೊಸೆಗೆ ಹೇಳುವುದು ಹೇಗೆ? ಅವಳು ಹಟಮಾರಿಯಲ್ಲ, ಓದಿದವಳು. ಒಂದು ರಾತ್ರಿ ಜಗಲಿಯಲ್ಲಿ ಕೂತಾಗ ತಾನಾಗಿಯೇ ಕೇಳಿದಳು, "ಮಾವ, ನಾನು ಆಫೀಸಿಗೆ ಹೋಗುವ ಗಡಿಬಿಡಿಯಲ್ಲಿ ಕೊಟ್ಟ ಬಿಸ್ಕತ್ತಿನಿಂದಲೇ ಇವನಿಗೆ ಹೀಗಾಯಿತಾ?" ನನಗೆ ಉತ್ತರ ತೋಚಲಿಲ್ಲ. ಆಮೇಲೆ ಕನ್ನಡಕ ಏರಿಸಿಕೊಂಡು ಒಂದಿಷ್ಟು ಓದಿದಾಗ ಈ ಪ್ರಶ್ನೆ ಹಳೆಯದೆಂದು ತಿಳಿಯಿತು. ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದಾಗಲೇ ಆಟಿಸಂಗೆ ಆ ಹೆಸರು ನಿಂತದ್ದು. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬವರು ದೊಡ್ಡ ಪುಸ್ತಕವನ್ನೇ ಬರೆದು, ತಾಯಿಯ ಪ್ರೀತಿ ಸಾಲದೆ ಮಕ್ಕಳು ಹೀಗಾಗುತ್ತಾರೆ ಎಂಬ ಮಾತನ್ನು ಊರೂರಿಗೆ ಹರಡಿದರು. ಅದು ಸುಳ್ಳೆಂದು ತಿಳಿಯುವ ಹೊತ್ತಿಗೆ ಎಷ್ಟು ತಾಯಂದಿರು ಅತ್ತಿರಬೇಕು! ಆಗ ಪ್ರೀತಿ ಸಾಲದು ಎಂದರು, ಈಗ ಅಡುಗೆ ಸರಿಯಿಲ್ಲ ಎನ್ನುತ್ತಾರೆ. ಬೆರಳು ತೋರಿಸುವುದು ಮಾತ್ರ ಅದೇ ಕಡೆಗೆ.

ಹನ್ನೊಂದನೆಯ ದಿನ ಅಡಿಕೆ ತೂಗುವ ತಕ್ಕಡಿಯಲ್ಲಿ ಪುಟ್ಟನನ್ನು ಕೂರಿಸಿದೆ. ಬಂದ ದಿನ ಅದೇ ತಕ್ಕಡಿಯಲ್ಲಿ 17 ಕಿಲೋ 200 ಗ್ರಾಂ ಇದ್ದ. ಈಗ 15 ಕಿಲೋ 900. ಅಂಕಿಯನ್ನು ಪುಸ್ತಕದಲ್ಲಿ ಬರೆದು, ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, ಮಾತಿಲ್ಲದೆ ಸೊಸೆಯ ಮುಂದೆ ಇಟ್ಟೆ. ಅವಳು ಬಹಳ ಹೊತ್ತು ನೋಡಿದಳು. "ಡಾಕ್ಟರಿಗೆ ತೋರಿಸೋಣ ಮಾವ" ಎಂದಳು.

ಅಂದು ಸಂಜೆ ನನ್ನವಳು ಯಾರನ್ನೂ ಕೇಳದೆ ಗಂಜಿ ಬೇಯಿಸಿದಳು. ಪುಟ್ಟ ಮೂರು ಬಟ್ಟಲು ಉಂಡ. ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅತ್ತಳೋ ಇಲ್ಲವೋ, ನಾನು ಆ ಕಡೆ ತಿರುಗಲಿಲ್ಲ.

ಕುಂದಾಪುರದಲ್ಲಿ ಮಕ್ಕಳ ವೈದ್ಯರೊಬ್ಬರನ್ನು ಕಂಡೆವು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ನನ್ನ ಪುಸ್ತಕವನ್ನು ತೆಗೆದುಕೊಂಡು ಪುಟ ತಿರುವಿದರು. ನಾನು ಅಷ್ಟು ಅಚ್ಚುಕಟ್ಟಾಗಿ ಬರೆದಿದ್ದ ಕೊಟ್ಟದ್ದು, ತಿಂದದ್ದು ಕಾಲಂಗಳ ಮೇಲೆ ಅವರ ಕಣ್ಣು ನಿಲ್ಲಲೇ ಇಲ್ಲ. ನಿಂತದ್ದು ಮಲದ ಕಾಲಂ ಮೇಲೆ. ಹನ್ನೊಂದು ದಿನದಲ್ಲಿ ಎರಡೇ ಗುರುತು. "ಮೊದಲೂ ಹೀಗೆಯೇ ಇತ್ತಾ?" ಎಂದು ಸೊಸೆಯನ್ನು ಕೇಳಿದರು. ಐದಾರು ದಿನಕ್ಕೊಮ್ಮೆ, ಒಂದು ವರ್ಷದಿಂದ. ಆಮೇಲೆ 'ಇತರೆ' ಎಂಬಲ್ಲಿ ನಾನು ದಿನವೂ ಬರೆದಿದ್ದ ಒಂದು ಸಾಲಿಗೆ ಬೆರಳಿಟ್ಟರು: ಜಗಲಿ ಕಟ್ಟೆಯ ಅಂಚಿಗೆ ಹೊಟ್ಟೆ ಒತ್ತಿ ಬೋರಲು ಮಲಗುತ್ತಾನೆ.

ಅದು ಆಟಿಸಂ ಮಕ್ಕಳ ಒಂದು ಅಭ್ಯಾಸ ಎಂದುಕೊಂಡಿದ್ದೆವು. ಬೆಂಗಳೂರಿನಲ್ಲಿ ಸೋಫಾದ ಕೈಗೆ ಒತ್ತಿ ಮಲಗುತ್ತಿದ್ದನಂತೆ. ವೈದ್ಯರು ಹೊಟ್ಟೆ ಮುಟ್ಟಿ ನೋಡಿ ಹೇಳಿದರು, "ಇವನಿಗೆ ನೋವಿದೆ. ಮಲ ಕಲ್ಲಿನ ಹಾಗೆ ಕಟ್ಟಿಕೊಂಡಿದೆ. ಹೇಳಲು ಮಾತಿಲ್ಲ, ಅದಕ್ಕೆ ಒತ್ತಿಕೊಳ್ಳುತ್ತಾನೆ." ಇಂಥ ಮಕ್ಕಳಲ್ಲಿ ಮಲಬದ್ಧತೆ ಬಹಳ ಸಾಮಾನ್ಯವಂತೆ, ರಾತ್ರಿಯ ಕಿರಿಚಾಟ, ತಲೆ ಚಚ್ಚಿಕೊಳ್ಳುವುದರ ಹಿಂದೆ ಎಷ್ಟೋ ಸಲ ಹೊಟ್ಟೆನೋವೋ ಹಲ್ಲುನೋವೋ ಇರುತ್ತದಂತೆ. ಒಂದು ವರ್ಷ ಆ ಮಗು ನೋವನ್ನು ತನಗೆ ತಿಳಿದ ಹಾಗೆ ತೋರಿಸುತ್ತಲೇ ಇತ್ತು. ನಾನು ಅದನ್ನು 'ಇತರೆ'ಗೆ ಹಾಕಿದ್ದೆ.

ಅವರು ಗೋಧಿ ನಿಲ್ಲಿಸಿದ್ದಕ್ಕೆ ಮಾತ್ರ ಸ್ವಲ್ಪ ಗದರಿದರು. ಗೋಧಿ ಆಗದ ಸೀಲಿಯಾಕ್ ಎಂಬ ಕಾಯಿಲೆ ನಿಜವಾಗಿ ಇದೆ, ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಆದರೆ ಮಗು ಗೋಧಿ ತಿನ್ನುತ್ತಿರುವಾಗಲೇ ಆ ಪರೀಕ್ಷೆ ಆಗಬೇಕು; ಬಿಟ್ಟ ಮೇಲೆ ಮಾಡಿದರೆ ಕಾಯಿಲೆ ಇದ್ದರೂ ಇಲ್ಲವೆಂದು ಬರಬಹುದು. ಬಿಸ್ಕತ್ತು ಮತ್ತೆ ಶುರುವಾಗಿ ವಾರಗಳ ಮೇಲೆ ಪರೀಕ್ಷೆ ಮಾಡಿಸಿದೆವು. ಸೀಲಿಯಾಕ್ ಇರಲಿಲ್ಲ.

ಈ ಸೀಲಿಯಾಕ್ ಕತೆ ನನಗೆ ಬಹಳ ರುಚಿಸಿತು, ಹೇಳಿಬಿಡುತ್ತೇನೆ. ನ್ಯೂಯಾರ್ಕಿನಲ್ಲಿ ಸಿಡ್ನಿ ಹಾಸ್ ಎಂಬ ಮಕ್ಕಳ ವೈದ್ಯರು 1924ರಲ್ಲಿ ಸೀಲಿಯಾಕ್ ಮಕ್ಕಳಿಗೆ ಬಾಳೆಹಣ್ಣು ಕೊಟ್ಟು, ಧಾನ್ಯ ನಿಲ್ಲಿಸಿ ಬದುಕಿಸಿದರು. ಯಾಕೆ ಗುಣವಾಯಿತೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ವಿಲ್ಲೆಮ್ ಡಿಕೆ ಎಂಬ ಡಚ್ ವೈದ್ಯರು ಇದು ಗೋಧಿಯ ಕಿತಾಪತಿ ಎಂದು ತೋರಿಸಿಕೊಟ್ಟರು. ಅಕ್ಕಿ ನಿರ್ದೋಷಿ. ಆದರೂ ಹಾಸ್ ಅವರ ಹಳೆಯ ಪಥ್ಯವನ್ನೇ ಬೇರೆಯವರು ಮುಂದುವರಿಸಿದರು. ಗಾಪ್ಸ್ ಹುಟ್ಟಿದ್ದು ಅದರಿಂದಲೇ. ಗೋಧಿ ಮಾಡಿದ ತಪ್ಪಿಗೆ ನಮ್ಮ ಕುಚ್ಚಲಕ್ಕಿಗೆ ನೂರು ವರ್ಷದ ಶಿಕ್ಷೆ!

ವೈದ್ಯರು ಇನ್ನೊಂದು ಮಾತು ಹೇಳಿದರು. ಗೋಧಿ, ಹಾಲಿನ ಅಂಶ ಬಿಡಿಸುವ ಪಥ್ಯವನ್ನು ಆಟಿಸಂನ ಮೂಲ ಲಕ್ಷಣಗಳಿಗಾಗಿ ಮಾಡಿಸಬೇಡಿ ಎಂದು ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ ವೈದ್ಯರಿಗೆ ಸೂಚಿಸಿದೆ. ಆಟಿಸಂ ಮಕ್ಕಳ ಕರುಳಿನ ಸೂಕ್ಷ್ಮಾಣುಗಳು ಬೇರೆ ಥರ ಇರುತ್ತವಲ್ಲ ಎಂದು ಸೊಸೆ ಕೇಳಿದಾಗ, 2021ರಲ್ಲಿ ಆಸ್ಟ್ರೇಲಿಯಾದವರು ನಡೆಸಿದ ಅಧ್ಯಯನದ ಬಗ್ಗೆ ಹೇಳಿದರು. ಕರುಳು ಕೆಟ್ಟು ಆಟಿಸಂ ಬರುವುದಕ್ಕಿಂತ, ಆಟಿಸಂನಿಂದಾಗಿ ಮಕ್ಕಳು ಮೂರು ನಾಲ್ಕೇ ಪದಾರ್ಥ ತಿನ್ನುವುದರಿಂದ ಕರುಳಿನ ಸೂಕ್ಷ್ಮಾಣುಗಳ ಬಗೆ ಕಡಿಮೆಯಾಗುತ್ತದೆ ಎಂದು ಅದು ಸೂಚಿಸಿದೆಯಂತೆ. ಅಂದರೆ ನಾಲ್ಕನ್ನು ಐದು ಮಾಡಬೇಕಾದಲ್ಲಿ ನಾವು ಸೊನ್ನೆ ಮಾಡಲು ಹೊರಟಿದ್ದೆವು.

ನೀರಿಗೆ ಬೆರೆಸಿ ಕೊಡುವ ಒಂದು ಪುಡಿ ಬರೆದುಕೊಟ್ಟರು. ಬೇಗ ನಿಲ್ಲಿಸಬಾರದು, ತಿಂಗಳುಗಟ್ಟಲೆ ಬೇಕಾಗಬಹುದು ಎಂದರು. ಉಂಡ ಮೇಲೆ ದಿನವೂ ಹತ್ತು ನಿಮಿಷ ಕಕ್ಕಸಿನಲ್ಲಿ ಕೂರಿಸಿ, ಕಾಲು ತೂಗಾಡದ ಹಾಗೆ ಕೆಳಗೆ ಮಣೆ ಇಡಿ ಎಂದರು. ಹಳೆಯ ಊಟದ ಮಣೆ ಆ ಕೆಲಸಕ್ಕೆ ಒದಗಿತು.

ಮೇ ಕೊನೆಯ ಹೊತ್ತಿಗೆ ಮಲದ ಕಾಲಂನಲ್ಲಿ ದಿನ ಬಿಟ್ಟು ದಿನ ಗುರುತು ಬೀಳತೊಡಗಿತು. ರಾತ್ರಿ ಕಿರಿಚುವುದು ವಾರಕ್ಕೆ ಐದಾರು ಸಲ ಇದ್ದದ್ದು ಒಂದಕ್ಕೆ ಇಳಿಯಿತು. ಜಗಲಿ ಕಟ್ಟೆಯ ಅಂಚು ಈಗ ನನಗೊಬ್ಬನಿಗೇ ಉಳಿದಿದೆ. ಮಾತು ಹೆಚ್ಚಲಿಲ್ಲ. ಕೈ ಬಡಿಯುತ್ತ ಅಂಗಳ ಸುತ್ತುವುದು, ಫ್ಯಾನು ನೋಡುತ್ತ ನಗುವುದು ಹಾಗೆಯೇ ಇದೆ. ಆಟಿಸಂ ಎಲ್ಲಿತ್ತೋ ಅಲ್ಲೇ ಇದೆ, ಹೊಟ್ಟೆನೋವು ಹೋಗಿದೆ.

"ಆ ಪುಸ್ತಕ ಓದದಿದ್ದರೆ ನಾವು ಅವನ ಹೊಟ್ಟೆಯ ಕಡೆ ನೋಡುತ್ತಲೇ ಇರಲಿಲ್ಲ ಅಲ್ಲವಾ ಮಾವ?" ಎಂದು ಸೊಸೆ ಹೊರಡುವ ಮುಂಚೆ ಕೇಳಿದಳು. ಅದೂ ಸುಳ್ಳಲ್ಲ. ಹೌದು ಎಂದೆ. ಆ 12,000 ಏನಾಯಿತು ಎಂದು ಮಗನನ್ನು ನಾನು ಕೇಳಲಿಲ್ಲ, ಅವನು ಹೇಳಲೂ ಇಲ್ಲ.

ಹೊಸ ಪದಾರ್ಥ ರೂಢಿ ಮಾಡುವುದು ಸುಲಭವಲ್ಲ. ಹಳೆಯ ನಾಲ್ಕನ್ನು ಮುಟ್ಟದೆ, ಹೊಸದನ್ನು ಬದಿಯಲ್ಲಿಟ್ಟು, ತಿನ್ನು ಎನ್ನದೆ ಸುಮ್ಮನಿರಬೇಕಂತೆ. ಸುಮ್ಮನಿರುವುದು ನನ್ನವಳಿಗೆ ಕಷ್ಟ. ಒಮ್ಮೆ ಗಂಜಿಯೊಳಗೆ ಕ್ಯಾರೆಟ್ ಅರೆದು ಅಡಗಿಸಿದಳು. ಪುಟ್ಟ ಒಂದು ತುತ್ತಿಗೇ ಬಟ್ಟಲು ಸರಿಸಿದ. ಆಮೇಲೆ ಎರಡು ದಿನ ಗಂಜಿಯನ್ನೇ ಮುಟ್ಟಲಿಲ್ಲ. "ಇನ್ ಕದ್ ಹಾಕುದಿಲ್ಲೆ ಮಗಾ" ಎಂದು ಅವಳು ಅವನ ಗಲ್ಲ ಹಿಡಿದು ಹೇಳಿದ್ದನ್ನು ಅವನು ತಿಳಿದನೋ ಏನೋ, ಮೂರನೆಯ ದಿನ ಉಂಡ. ಅವರು ಬೆಂಗಳೂರಿಗೆ ಹೋಗುವ ಹೊತ್ತಿಗೆ ತಟ್ಟೆಯ ಬದಿಯಲ್ಲಿ ಇಪ್ಪತ್ತು ದಿನ ಸುಮ್ಮನೆ ಕೂತಿದ್ದ ಬಾಳೆಹಣ್ಣು ಐದನೆಯದಾಗಿ ಸೇರಿತ್ತು.

ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ. ವಾರಕ್ಕೊಮ್ಮೆ ಸೊಸೆ ಫೋನಿನಲ್ಲಿ ವರದಿ ಕೊಡುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಮೊನ್ನೆ ಮಾತು ಶುರು ಮಾಡುವ ಮೊದಲೇ ನಗುತ್ತಿದ್ದಳು. "ಮಾವ, ಅತ್ತೆಯನ್ನೂ ಕರೆಯಿರಿ. ಆರನೆಯದು ಬಂತು. ನೀವು ಕಳಿಸಿದ ಹಲಸಿನ ಹಪ್ಪಳ. ಅರ್ಧ ತಿಂದ."

ಅರ್ಧ ಎಂದೇ ಬರೆದುಕೊಂಡೆ.