ಎಡಗಡೆಯ ಗೀರುಗಳು

"ನನ್ನ ಕಾರಿಗೆ ಒಂದೇ ಒಂದು ಗೀರಿಲ್ಲ" ಅಂತ ನಮ್ಮಪ್ಪ ಊರೆಲ್ಲ ಹೇಳಿಕೊಂಡು ಓಡಾಡುತ್ತಿದ್ದರು. ತಿಪಟೂರಿನ ಮನೆ ಮುಂದೆ ತಗಡಿನ ಶೆಡ್ಡು, ಅದರೊಳಗೆ 2012ರಲ್ಲಿ ತಗೊಂಡ ಕಡುನೀಲಿ ಬಣ್ಣದ ಸಣ್ಣ ಕಾರು. ಬೆಳಗ್ಗೆ ಆರು ಗಂಟೆಗೆ, ಕಾಫಿಗೂ ಮುಂಚೆ, ಹಳೇ ಪಂಚೆಯ ತುಂಡು ಹಿಡಿದು ಇಡೀ ಕಾರನ್ನು ಒರೆಸುವುದು ಅವರ ನಿತ್ಯಪೂಜೆ. ನೀರು ಹಾಕಲ್ಲ. ನೀರು ಹಾಕಿದರೆ ತುಕ್ಕು ಹಿಡಿಯುತ್ತೆ ಅನ್ನೋದು ಮೇಷ್ಟ್ರ ಸಿದ್ಧಾಂತ.

ಕಳೆದ ಆಯುಧಪೂಜೆಗೆ ಊರಿಗೆ ಹೋದಾಗ ಡಿಕ್ಕಿಯಲ್ಲಿ ನನ್ನ ಡ್ಯುಯಲ್ ಆಕ್ಷನ್ ಪಾಲಿಶರ್ ಇತ್ತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ನೀರಿನ ಕಲೆ, ಹೊಂಗೆ ಮರದ ಅಂಟು, ಪಾರಿವಾಳದ ಹಿಕ್ಕೆ ಎಲ್ಲ ಸೇರಿ ನನ್ನ ಕಾರಿನ ಬಾನೆಟ್ ಹಾಳಾದಾಗ ಕೊಂಡದ್ದು. ಕೊಂಡಮೇಲೆ ಎಲ್ಲಾ ಕಾರಿನ ಬಣ್ಣವನ್ನೂ ಕತ್ತು ವಾರೆ ಮಾಡಿ ನೋಡುವ ಚಟ ಬಂತು. ಅಪ್ಪನ ಕಾರನ್ನು ಬಿಸಿಲಿಗೆ ತಂದು ನಿಲ್ಲಿಸಿದೆ. ಬಾನೆಟ್ ಮೇಲೆ ಸೂರ್ಯನ ಪ್ರತಿಬಿಂಬ, ಅದರ ಸುತ್ತ ದೊಡ್ಡದೊಂದು ಜೇಡರ ಬಲೆ!

ಈ ಬಲೆಯ ವಿಷಯ ತಮಾಷೆಯಾಗಿದೆ. ನೋಡಲು ದುಂಡಗೆ ಇದ್ದರೂ ಗೀರುಗಳು ದುಂಡಗಿರಲ್ಲ. ಎಲ್ಲಾ ದಿಕ್ಕಿಗೂ ಸಾವಿರಾರು ಸಣ್ಣ ಗೀರು ಇರುತ್ತವೆ, ಬೆಳಕಿಗೆ ಅಡ್ಡವಾಗಿ ಇರುವುದು ಮಾತ್ರ ಮಿಂಚುತ್ತದೆ. ಅದಕ್ಕೇ ನೀವು ಸರಿದಂತೆಲ್ಲ ಬಲೆಯೂ ನಿಮ್ಮ ಜೊತೆ ಸರಿಯುತ್ತೆ. ಕಾರಣ ಏನು ಅಂದರೆ, ಧೂಳಿನ ಮೇಲೆ ಒಣಬಟ್ಟೆ. ಮರಳಿನ ಕಣ ಬಟ್ಟೆಗೆ ಸಿಕ್ಕಿಕೊಂಡು ಪ್ರತಿದಿನ ಬಣ್ಣವನ್ನು ಕೆರೆಯುತ್ತೆ. ಅಂದರೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅಷ್ಟು ಪ್ರೀತಿಯಿಂದ ಒರೆಸಿದ್ದೇ ಕಾರಣ. ಇದನ್ನು ಯಾವ ಬಾಯಲ್ಲಿ ಹೇಳಲಿ? "ಬಿಸಿಲಿಗೆ ಹೊಳಪು ಹೋಗಿದೆ ಅಪ್ಪಾ, ಹಬ್ಬಕ್ಕೆ ಮುಂಚೆ ಮಷಿನ್ ಹಾಕ್ತೀನಿ" ಅಂದೆ.

"ಪಾಲಿಶ್ ತಾನೆ? ಬಳಿ ಬಳಿ" ಅಂದರು.

ಪಾಲಿಶ್ ಅಂದರೆ ಬಳಿಯುವುದಲ್ಲ, ತೆಗೆಯುವುದು. ಬಣ್ಣದ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್. ಕೂದಲಿಗಿಂತ ತೆಳುವಾದ ಆ ಪದರದಿಂದ ಒಂದೆರಡು ಮೈಕ್ರಾನ್ ಸಮವಾಗಿ ಸವೆಸಿದರೆ ಗೀರಿನ ಅಂಚುಗಳು ಹೋಗಿ ಬೆಳಕು ನೇರವಾಗಿ ಹಿಂತಿರುಗುತ್ತೆ, ಅಷ್ಟೇ ಹೊಳಪು. ಸವೆದದ್ದು ವಾಪಸ್ ಬರಲ್ಲ. ಆದ್ದರಿಂದ ಉಗುರು ಗೀರಿನಲ್ಲಿ ಸಿಕ್ಕಿಕೊಂಡರೆ ಅದನ್ನು ಪೂರ್ತಿ ತೆಗೆಯುವ ಆಸೆ ಬಿಡಬೇಕು.

ಎರಡು ಬಕೆಟ್ ಇಟ್ಟುಕೊಂಡು ತೊಳೆದೆ, ಒಂದು ಶಾಂಪೂ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸಲಿಕ್ಕೆ. ತುಕ್ಕಿನ ಸಿದ್ಧಾಂತ ಆ ದಿನದ ಮಟ್ಟಿಗೆ ರಜೆ ಹಾಕಿತು. ಆಮೇಲೆ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಲು ಅಪ್ಪನಿಗೆ ಹೇಳಿದೆ. ಬರಿಗೈಗೆ ನುಣ್ಣಗೆ ಅನ್ನಿಸುವ ಜಾಗ ಕವರ್ ಒಳಗಿನ ಬೆರಳಿಗೆ ರವೆ ಚೆಲ್ಲಿದ ಹಾಗೆ ತಾಗುತ್ತದೆ. "ಅರೆ!" ಅಂದರು. ಆ ರವೆಯನ್ನು ಕ್ಲೇ ಬಾರ್‌ನಿಂದ ತೆಗೆದೆ. ನೋಡಲು ಮಕ್ಕಳು ಆಡುವ ಜೇಡಿಮಣ್ಣಿನ ಹಾಗೇ ಇರುತ್ತೆ, ಸೋಪಿನ ನೀರು ಚಿಮುಕಿಸಿ ಮೆಲ್ಲಗೆ ಜಾರಿಸಬೇಕು, ನೆಲಕ್ಕೆ ಬಿತ್ತೋ ಎಸೆದುಬಿಡಬೇಕು. ಪ್ಲಾಸ್ಟಿಕ್, ರಬ್ಬರ್ ಮತ್ತು ಅಂಚುಗಳಿಗೆಲ್ಲ ಮಾಸ್ಕಿಂಗ್ ಟೇಪ್.

ಮಷಿನ್ ಬಗ್ಗೆ ಒಂದು ಮಾತು. ಗ್ಯಾರೇಜುಗಳಲ್ಲಿ ನೋಡುವ ರೋಟರಿ ಒಂದೇ ಕೇಂದ್ರದ ಮೇಲೆ ಗಿರಗಿರ ತಿರುಗುತ್ತೆ. ಪಳಗಿದ ಕೈಗೆ ಅದು ವರ, ನನ್ನಂಥವನ ಕೈಯಲ್ಲಿ ಒಂದೇ ಕಡೆ ಬಿಸಿಯೇರಿ ಕ್ಲಿಯರ್ ಕೋಟನ್ನು ಸುಟ್ಟುಬಿಡಬಹುದು. ಡ್ಯುಯಲ್ ಆಕ್ಷನ್ ಹಾಗಲ್ಲ. ಬುಗುರಿ ತನ್ನ ಸುತ್ತ ತಿರುಗುತ್ತಲೇ ಓಲಾಡುವುದಿಲ್ಲವೇ, ಹಾಗೆ ಪ್ಯಾಡ್ ತಿರುಗುತ್ತಾ ಜೊತೆಗೆ ಸಣ್ಣ ಸುತ್ತು ಹಾಕುತ್ತೆ. ನನ್ನದರಲ್ಲಿ ಆ ಸುತ್ತು 15 ಮಿಲಿಮೀಟರ್. ಒಂದೇ ಬಿಂದುವಿನ ಮೇಲೆ ಶಾಖ ನಿಲ್ಲಲ್ಲ. ಜೋರಾಗಿ ಒತ್ತಿದರೆ ತಿರುಗುವುದನ್ನೇ ನಿಲ್ಲಿಸಿ ಬರೀ ನಡುಗುತ್ತದೆ. ತಿರುಗ್ತಿದೆಯೋ ಇಲ್ಲವೋ ಅಂತ ಗೊತ್ತಾಗಲು ಬ್ಯಾಕಿಂಗ್ ಪ್ಲೇಟಿನ ಅಂಚಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿದ್ದೇನೆ.

ಇಷ್ಟೆಲ್ಲ ಗೊತ್ತಿದ್ದೂ ಮೊದಲ ತಪ್ಪು ಮಾಡಿದೆ. ಪ್ಯಾಡಿಗೆ ನಾಲ್ಕು ಹನಿ ಕಾಂಪೌಂಡ್ ಹಾಕಿ, ಅದನ್ನು ಬಾನೆಟ್ ಮೇಲೆ ಇಡುವುದಕ್ಕೆ ಮುಂಚೆಯೇ ಸ್ವಿಚ್ ಒತ್ತಿದೆ. ಹನಿಗಳೆಲ್ಲ ಹಾರಿ ಅಮ್ಮ ಆಗತಾನೆ ಒಣಗಿಹಾಕಿದ್ದ ಸೀರೆ ಮೇಲೆ ಕೂತವು. "ಇಂಜಿನಿಯರಿಂಗ್ ಓದಿಸಿದ್ದಕ್ಕೂ ಸಾರ್ಥಕ ಆಯ್ತು" ಅಂತ ಒಳಗಿನಿಂದ ಕೇಳಿಸಿತು.

ಮೊದಲು ಮೃದುವಾದ ಪ್ಯಾಡ್‌ನಲ್ಲಿ ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿದೆ, ಸಾಲಲಿಲ್ಲ. ಗಟ್ಟಿ ಫೋಮಿನ ಕಟಿಂಗ್ ಪ್ಯಾಡ್ ಹಾಕಿದೆ. ಒಂದೂವರೆ ಅಡಿ ಚೌಕ, ಸ್ಪೀಡ್ ಒಂದರಲ್ಲಿ ಕಾಂಪೌಂಡ್ ಹರಡಿ, ಆಮೇಲೆ ನಾಲ್ಕೂವರೆಗೆ ಏರಿಸಿ, ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನ, ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಒಮ್ಮೆ, ಹಿಂದಿನ ಸಾಲನ್ನು ಅರ್ಧ ಮುಚ್ಚಿಕೊಂಡು. ಸ್ಪಿರಿಟ್ ಬೆರೆಸಿದ ನೀರಿನಿಂದ ಒರೆಸಿ ಟಾರ್ಚ್ ಹಾಕಿದೆ. ಕಾಂಪೌಂಡಿನ ಎಣ್ಣೆ ಗೀರನ್ನು ತುಂಬಿ ಮೋಸ ಮಾಡುತ್ತೆ, ಅದಕ್ಕೇ ಈ ಸ್ಪಿರಿಟ್. ಬಲೆ ಹೋಗಿತ್ತು! ಅರ್ಧ ಬಾನೆಟ್‌ನಲ್ಲಿ ತೆಂಗಿನ ಮರ ಗರಿಗರಿಯಾಗಿ ಕಾಣುತ್ತಿದೆ, ಇನ್ನರ್ಧದಲ್ಲಿ ಮಂಜು.

ಅಪ್ಪ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ಸ್ವಲ್ಪ ಹೊತ್ತಿಗೆ "ಕೊಡು ಇಲ್ಲಿ" ಅಂತ ಮಷಿನ್ ಕಿತ್ತುಕೊಂಡು ಮೈಭಾರವೆಲ್ಲ ಹಾಕಿ ಒತ್ತಿದರು. ಮಾರ್ಕರ್ ಗೆರೆ ನಿಂತಿತು. "ನಿನ್ನ ಮಷಿನ್ ಸೋಮಾರಿ ಕಣೋ." ಹನ್ನೊಂದಕ್ಕೆ ಕರೆಂಟ್ ಹೋಯಿತು, ಎರಡಕ್ಕೆ ಬಂತು. ಬಲಗಡೆ ಪೂರ್ತಿ ಮುಗಿಯುವಾಗ ಸಂಜೆಯಾಯಿತು.

ಮಾರನೇ ದಿನ ಎಡಗಡೆ ಶುರು ಮಾಡಿದೆ.

ಎಡಗಡೆಯ ಹಿಂದಿನ ಡೋರ್ ಮೇಲೆ ಟಾರ್ಚ್ ಓರೆಯಾಗಿ ಹಿಡಿದಾಗ ಕಂಡದ್ದು ಬಲೆಯಲ್ಲ. ಒಂದು ಮೊಳ ಉದ್ದದ ಗೀರು, ಅದರೊಳಗೆ ತಿಳಿ ಹಸಿರು. ಅದು ನಮ್ಮ ಮನೆ ಗೇಟಿನ ಬಣ್ಣ. ಅದರ ಕೆಳಗೆ ಬೇರೆ ಎತ್ತರದಲ್ಲಿ ಇನ್ನೊಂದು, ಅದಕ್ಕೆ ಹಸಿರಿಲ್ಲ. ಮುಂದಿನ ಬಂಪರಿನ ಎಡಮೂಲೆಯಲ್ಲಿ ಸಿಮೆಂಟಿನ ಬಿಳಿ ತರಚು. ಎಡ ಕನ್ನಡಿಯ ಹಿಂಬದಿಯೂ ಕೆತ್ತಿಹೋಗಿತ್ತು. ಡೋರ್ ಹ್ಯಾಂಡಲಿನ ಸಂದಿಯಲ್ಲಿ ಒಣಗಿದ ಬಿಳಿ ಪುಡಿ ಇತ್ತು, ಬೆರಳಲ್ಲಿ ತೆಗೆದು ಮೂಸಿದೆ. ಟೂತ್‌ಪೇಸ್ಟ್. ಗೀರಿಗೆ ಟೂತ್‌ಪೇಸ್ಟ್ ಉಜ್ಜಿದರೆ ಹೋಗುತ್ತೆ ಅಂತ ಯಾರೋ ಹೇಳಿದ್ದನ್ನು ನಂಬಿ, ಯಾರೂ ಇಲ್ಲದಾಗ ಉಜ್ಜಿದ್ದಾರೆ.

ಬಲಗಡೆ ಇಂಥದ್ದು ಒಂದೂ ಇರಲಿಲ್ಲ. ಆಫೀಸಿನಲ್ಲಿ ನಾಲ್ಕು ಬಗ್ ಬಂದು ನಾಲ್ಕೂ ಒಂದೇ ಮಾಡ್ಯೂಲ್ ಕಡೆ ಬೆರಳು ತೋರಿಸಿದರೆ ನಾವು ಏನು ಮಾಡ್ತೀವಿ? ಮಷಿನ್ ಆಫ್ ಮಾಡಿ ಅಡುಗೆಮನೆಗೆ ಹೋದೆ. ಅಮ್ಮ ಕಾಯಿ ತುರಿಯುತ್ತಿದ್ದರು. ಕೇಳಿದ್ದಕ್ಕೆ ತುರಿಯುವುದನ್ನು ನಿಲ್ಲಿಸದೆ, "ಎಡಗಡೆ ಇಟ್ಟ ಲೋಟಾನೂ ತಗಲಿಸಿ ಬೀಳಿಸ್ತಾರೆ ಕಣೋ. ವಯಸ್ಸಾಯ್ತು ಅಂದ್ಕೊಂಡೆ" ಅಂದರು.

ಅಪ್ಪನ ಎದುರಿಗೆ ಕೂತು, ಬಲಗಣ್ಣು ಮುಚ್ಚಿಕೊಂಡು ನನ್ನ ಮೂಗನ್ನೇ ನೋಡಲು ಹೇಳಿದೆ. ನನ್ನ ಕೈಯನ್ನು ಪಕ್ಕದಿಂದ ನಿಧಾನವಾಗಿ ತಂದೆ. ಕೈ ಹೆಚ್ಚುಕಮ್ಮಿ ನನ್ನ ಕಿವಿ ಹತ್ತಿರ ಬರುವವರೆಗೂ ಅವರು "ಕಂಡ್ತು" ಅನ್ನಲಿಲ್ಲ.

"ಗೇಟು ಚಿಕ್ಕದಾಯ್ತು ಅಷ್ಟೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಕ್ಕಂಗೆ ಹೇಳ್ಬೇಡ."

ನನಗೆ ಸಿಟ್ಟು ಬಂತು, ನಿಜ ಹೇಳಬೇಕೆಂದರೆ. ಗೇಟು ನಿಂತಲ್ಲೇ ನಿಂತಿರುತ್ತೆ. ನಮ್ಮ ರಸ್ತೆಯಲ್ಲಿ ಎಡಗಡೆ ಅಂದರೆ ಅಂಚಿನಲ್ಲಿ ನಡೆದು ಹೋಗುವವರು, ಸೈಕಲ್ ತುಳಿಯುವ ಸ್ಕೂಲ್ ಮಕ್ಕಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಮತ್ತೆ ಮಷಿನ್ ಹಿಡಿದೆ. ಗೇಟಿನ ಹಸಿರು ಎರಡೇ ಸುತ್ತಿಗೆ ಬಿಟ್ಟಿತು, ಅದು ಮೇಲೆ ಅಂಟಿಕೊಂಡ ಬಣ್ಣ. ಅದರ ಕೆಳಗಿದ್ದ ಗೀರು ಮಾತ್ರ ಉಗುರಿಗೆ ಸಿಗುತ್ತಿತ್ತು, ಅಂಚು ಮಟ್ಟ ಮಾಡಿ ಬಿಟ್ಟುಬಿಟ್ಟೆ.

ಹಬ್ಬದ ದಿನ ಕಾರಿಗೆ ಚೆಂಡುಹೂವಿನ ಹಾರ, ಅರಿಶಿನ ಕುಂಕುಮ, ಚಕ್ರಕ್ಕೆ ನಿಂಬೆಹಣ್ಣು. ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸುವುದು ಪ್ರತಿವರ್ಷ ಅಪ್ಪನೇ. ಈ ಸಲ ಬೀಗದ ಕೈಯನ್ನು ಏನೂ ಹೇಳದೆ ನನ್ನ ಕೈಗೆ ಹಾಕಿ, ಎಡಗಡೆ ಸೀಟಿನಲ್ಲಿ ಹೋಗಿ ಕೂತರು.

ವಾರದೊಳಗೆ ಬೆಂಗಳೂರಿನ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಒಂದು ಬಟ್ಟಲಿನಂಥ ಯಂತ್ರಕ್ಕೆ ಗಲ್ಲ ಇಟ್ಟು, ಬೆಳಕಿನ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತುವ ಪರೀಕ್ಷೆ. ಎಡಗಣ್ಣಿನದು ಮುಗಿದ ಮೇಲೆ ಬಂದ ಕಾಗದದಲ್ಲಿ ಕಪ್ಪೇ ಹೆಚ್ಚು. ಗ್ಲಾಕೋಮಾ. ಕಣ್ಣಿನಿಂದ ಮಿದುಳಿಗೆ ಹೋಗುವ ನರ ಹಾಳಾಗುವ ಕಾಯಿಲೆ, ಹೆಚ್ಚಿನವರಲ್ಲಿ ಕಣ್ಣೊಳಗಿನ ಒತ್ತಡದಿಂದ. ಸಾಮಾನ್ಯವಾಗಿ ನೋವಿರಲ್ಲ, ಅಂಚಿನ ದೃಷ್ಟಿ ಮೊದಲು ಹೋಗುವುದರಿಂದ ಬಹಳ ದಿನ ತಿಳಿಯುವುದೇ ಇಲ್ಲ. ಬಲಗಣ್ಣಿನಲ್ಲಿ ಇನ್ನೂ ಶುರು ಅಷ್ಟೇ. "ಹೋದದ್ದು ಬರಲ್ಲ ಮೇಷ್ಟ್ರೇ, ಇರೋದನ್ನ ಉಳಿಸಿಕೊಳ್ಳೋಣ. ದಿನಾ ರಾತ್ರಿ ಡ್ರಾಪ್ಸ್ ತಪ್ಪಿಸಬೇಡಿ" ಅಂದರು ಡಾಕ್ಟರಮ್ಮ. ಗಾಡಿ ಓಡಿಸಬಹುದಾ ಅಂತ ಅಪ್ಪನೇ ಕೇಳಿದರು, ಬೇಡ ಅಂದರು. ರಕ್ತಸಂಬಂಧಿಗಳಿಗೂ ಬರುವ ಸಾಧ್ಯತೆ ಹೆಚ್ಚು ಅಂದಿದ್ದರಿಂದ ಅಕ್ಕನೂ ನಾನೂ ಪರೀಕ್ಷೆ ಮಾಡಿಸಿಕೊಂಡೆವು. ಹಾಗಾಗಿ ಅಕ್ಕನಿಗೆ ಹೇಳಲೇಬೇಕಾಯಿತು.

ಕಾರನ್ನು ಬೆಂಗಳೂರಿಗೆ ತಗೊಂಡು ಹೋಗಲಾ ಅಂದರೆ ಅಪ್ಪ ಒಪ್ಪಲಿಲ್ಲ. ಈಗ ಎದುರುಮನೆ ಹುಡುಗ ವಾರಕ್ಕೊಮ್ಮೆ ಸಂತೆಗೆ ಕರೆದುಕೊಂಡು ಹೋಗುತ್ತಾನೆ. ರಾತ್ರಿ ಒಂಬತ್ತಕ್ಕೆ ನಾನು ಫೋನ್ ಮಾಡುತ್ತೇನೆ, "ಹಾಕ್ಕೊಂಡೆ ಮಾರಾಯ" ಅಂತಾರೆ, ಹಿಂದಿನಿಂದ ಅಮ್ಮ "ಈಗ ಹಾಕ್ಕೋತಾರೆ" ಅಂತಾರೆ.

ಬರುವಾಗ ಆರು ಮೈಕ್ರೋಫೈಬರ್ ಬಟ್ಟೆ ಕೊಟ್ಟು, ನೀರು ಚಿಮುಕಿಸದೆ ಒರೆಸಬೇಡಿ ಅಂತ ಎರಡೆರಡು ಸಲ ಹೇಳಿ ಬಂದಿದ್ದೆ. ಮೊನ್ನೆ ಅಮ್ಮನನ್ನು ಕೇಳಿದೆ. ಅವು ಚೆನ್ನಾಗಿವೆ, ಕೊಳೆಯಾಗುತ್ತವೆ ಅಂತ ಮಡಿಸಿ ಬೀರುವಿನಲ್ಲಿ ಇಟ್ಟಿದ್ದಾರಂತೆ. ಬೆಳಗ್ಗೆ ಆರಕ್ಕೆ ಮತ್ತೆ ಅದೇ ಪಂಚೆ ತುಂಡು.